ಹಿಡಿಯದ ಹಗ್ಗ

ಸಮುದ್ರದಾಚೆಯ ದೊಡ್ಡ ದೇಶವನ್ನು ಆಳುತ್ತಿದ್ದವನಿಗೆ ಈಚೆ ದಡದ ಬಂದರಿನ ಜನ ಇಟ್ಟಿದ್ದ ಹೆಸರು ಜಗದೊಡೆಯ. ತನ್ನ ದೇಶದಲ್ಲಿ ಎದುರು ಮಾತಾಡಿದವರನ್ನೆಲ್ಲ ಜೈಲಿಗೆ ಅಟ್ಟಿ ಮುಗಿದ ಮೇಲೆ ಅವನ ಕಣ್ಣು ನೆರೆಹೊರೆಯ ಮೇಲೆ ಬಿತ್ತು. ಮೊದಲು ಆ ನಡುಗಡ್ಡೆ ನಮ್ಮದು, ಆಮೇಲೆ ಸಮುದ್ರವೆಲ್ಲ ನಮ್ಮದು, ಕೊನೆಗೆ ಲೋಕವೇ ನಮ್ಮ ಮಾತು ಕೇಳಬೇಕು ಎಂದು ರೇಡಿಯೋದಲ್ಲಿ ಗುಡುಗಿದ. ಗುಡುಗಿದ್ದಷ್ಟೇ ಅಲ್ಲ, ಫಿರಂಗಿ ಹೊತ್ತ ಹಡಗೊಂದನ್ನು ಕಳಿಸಿಯೂಬಿಟ್ಟ.

ಆ ನಡುಗಡ್ಡೆಯಲ್ಲೇ ಈ ಬಂದರಿನ ಹಗ್ಗದ ಮೇಸ್ತ್ರಿಯ ಮಗಳು ಸಂಸಾರ ಹೂಡಿದ್ದಳು. ತುಂಬು ಬಸುರಿ.

ಮೇಸ್ತ್ರಿಯದು ಹಡಗುಗಳನ್ನು ದಡಕ್ಕೆ ಕಟ್ಟಿಹಾಕುವ ಕೆಲಸ. ಬಂದ ಹಡಗಿನಿಂದ ಮೊದಲು ತೆಳ್ಳನೆಯ ಹಗ್ಗ ಎಸೆಯುತ್ತಾರೆ, ತುದಿಯಲ್ಲಿ ಮುಷ್ಟಿಗಾತ್ರದ ಗಂಟು. ಕಟ್ಟೆಯ ಮೇಲಿನವರು ಅದನ್ನು ಹಿಡಿದು ಎಳೆದರೆ ಬೆನ್ನಿಗೇ ತೊಡೆಗಾತ್ರದ ಹಗ್ಗ ಬರುತ್ತದೆ; ಅದನ್ನು ಕಬ್ಬಿಣದ ಗೂಟಕ್ಕೆ ಹಾಕಬೇಕು. ಹಿಡಿಯುವವರಿಲ್ಲದಿದ್ದರೆ ಎಂಥ ಹಡಗಾದರೂ ನೀರಲ್ಲೇ ತೂಗಾಡಬೇಕು.

ನಡುಗಡ್ಡೆ ಮುಟ್ಟಲು ಆ ಹಡಗಿಗೆ ದಾರಿಯಲ್ಲಿ ಎಣ್ಣೆ ಬೇಕಿತ್ತು. ಒಂದು ದೇಶದ ಬಂದರು ನಮ್ಮ ಕೊಳವೆ ಒಡೆದಿದೆ ಎಂದಿತು. ಇನ್ನೊಂದು ದೇಶದ್ದು ದಾರಿ ತೋರುವವನಿಗೆ ಜ್ವರ ಎಂದಿತು. ಉಳಿದದ್ದು ಈ ಬಂದರೊಂದೇ. ಇಲ್ಲಿನ ಸರ್ಕಾರಕ್ಕೋ ಹೂಂ ಅನ್ನಲು ನಾಚಿಕೆ, ಊಹೂಂ ಅನ್ನಲು ಭಯ. ಹಡಗು ಕಣ್ಣಿಗೆ ಬಿದ್ದರೂ ಬಂದರಿನ ಸಾಹೇಬರಿಗೆ ಮೇಲಿನಿಂದ ಅಪ್ಪಣೆಯೇ ಬರಲಿಲ್ಲ.

"ಬಾವಾ, ಕೊಳವೆ ಆಯ್ತು, ಜ್ವರ ಆಯ್ತು. ನಾವೇನ್ ಹೇಳೋಣ? ಹೆಂಡ್ತಿ ಬಯ್ತಾಳೆ ಅಂದ್ರೆ ನಂಬ್ತಾರಾ?" ಎಂದ ಕ್ರೇನ್ ನಡೆಸುವ, ಮೇಸ್ತ್ರಿಯ ಭಾಮೈದ.

"ಏನೂ ಹೇಳೋದ್ ಬೇಡ. ಕೈ ಕಟ್ಕೊಂಡು ನಿಂತ್ಕೊಳ್ಳೋಣ."

"ನೀವು ಕೈ ಕಟ್ಕೊಂಡು ನಿಂತಿದ್ದು ನಾನು ನೋಡೇ ಇಲ್ಲ. ನಮ್ಮಕ್ಕನ್ ಮುಂದೆ ಬಿಟ್ರೆ."

ಆಳುಗಳೆಲ್ಲ ಗೊಳ್ಳೆಂದರು. ಅಷ್ಟರಲ್ಲಿ ಸಾಹೇಬರು ಬೆವರೊರೆಸಿಕೊಳ್ಳುತ್ತ ಬಂದರು.

"ಮೇಸ್ತ್ರೀ, ಕಟ್ಟು ಅನ್ನೋಕೂ ನನಗೆ ಬಾಯಿ ಬರ್ತಿಲ್ಲ, ಬೇಡ ಅನ್ನೋಕೂ ಬರ್ತಿಲ್ಲ."

"ನೀವು ಒಳಗ್ ಹೋಗಿ ಸ್ವಾಮಿ. ನೋಡಲಿಲ್ಲ ಅಂತ ಹೇಳ್ಕೊಳ್ಳಬಹುದು."

ಸಾಹೇಬರು ಕಚೇರಿಯ ಬಾಗಿಲು ನೋಡಿದರು, ಹಡಗು ನೋಡಿದರು. ಆಮೇಲೆ ಬಂದು ಆಳುಗಳ ಸಾಲಿನಲ್ಲೇ ನಿಂತು ಕೈ ಕಟ್ಟಿಕೊಂಡರು.

ಹಡಗು ಹತ್ತಿರ ಬಂತು. ಮೊದಲು ಎಸೆದ ಹಗ್ಗ ನೀರಿಗೆ ಬಿತ್ತು. ಯಾರೂ ಅಲುಗಲಿಲ್ಲ. ಮೇಲಿನಿಂದ ಅಧಿಕಾರಿಯೊಬ್ಬ ಧ್ವನಿವರ್ಧಕದಲ್ಲಿ ಕೂಗಿದ: "ಏಯ್, ಕಿವಿ ಕೇಳಲ್ವಾ? ಹಿಡೀರೋ!"

ಮತ್ತೆ ಎಸೆದರು. ಈ ಸಲ ಗಂಟು ಸೀದಾ ಮೇಸ್ತ್ರಿಯ ಎದೆಗೇ ಬಂತು. ಜೀವಮಾನವಿಡೀ ಹಗ್ಗ ಹಿಡಿದ ಕೈ ಅವನನ್ನು ಕೇಳಲಿಲ್ಲ. ತಾನಾಗಿ ಮೇಲೆದ್ದು ಗಪ್ಪನೆ ಹಿಡಿದೇಬಿಟ್ಟಿತು. ಹಡಗಿನವರು ಹೋ ಎಂದರು.

"ಬಾವಾ!" ಎಂದ ಭಾಮೈದ. ದನಿಯಲ್ಲಿ ತಮಾಷೆ ಇರಲಿಲ್ಲ.

ಮೇಸ್ತ್ರಿಗೆ ಅಂಗೈಯಲ್ಲಿ ಹಗ್ಗದ ಜಗ್ಗು ಗೊತ್ತಾಯಿತು. ಒಂದೇ ಒಂದು ಎಳೆತ. ಎಳೆದರೆ ಎಣ್ಣೆ, ಎಣ್ಣೆ ಸಿಕ್ಕರೆ ಆ ಫಿರಂಗಿಗಳು ಮಗಳ ಮನೆಯ ಮುಂದೆ. ಮೊಂಡು ಮಗುವಿನ ಕೈಯಿಂದ ಚಾಕು ಬಿಡಿಸುವ ಹಾಗೆ, ಎಡಗೈಯಿಂದ ಬಲಗೈಯ ಬೆರಳುಗಳನ್ನು ಬಿಡಿಸಿದ. ಹಗ್ಗ ಕಲ್ಲಿನ ಮೇಲೆ ಸರಸರನೆ ಜಾರಿ ಸಮುದ್ರಕ್ಕೆ ಬಿತ್ತು.

ಅಧಿಕಾರಿಯ ಬೈಗುಳ ನಡೆದೇ ಇತ್ತು. ಆಗ ಪಕ್ಕದಲ್ಲಿ ಗೋಧಿ ಇಳಿಸುತ್ತಿದ್ದ ಪರದೇಶದ ಹಡಗೊಂದು ಭೋಂ ಎಂದು ಕೂಗಿತು. ಅದಕ್ಕೆ ದನಿಗೂಡಿಸಿ ಮರದ ದಿಮ್ಮಿ ಹೊತ್ತ ಹಡಗು, ಆಮೇಲೆ ಇನ್ನೊಂದು, ಮತ್ತೊಂದು. ಒಂದೊಂದರ ಮೇಲೆ ಒಂದೊಂದು ದೇಶದ ಬಾವುಟ. ಬಂದರಿಗೆ ಬಂದರೇ ಮೊರೆಯಿತು. ಬೈಗುಳ ಯಾರಿಗೂ ಕೇಳಿಸದೆ ಹೋಯಿತು. ಮನೆಗೆ ಮರಳುವಷ್ಟೇ ಎಣ್ಣೆ ಉಳಿದಿದ್ದ ಹಡಗು ಮೆಲ್ಲಗೆ ಮೂತಿ ತಿರುಗಿಸಿತು.

"ಹೋಯ್ತು ಬಾವಾ! ಬಾಲ ಮುದುರ್ಕೊಂಡು ಹೋಯ್ತು!" ಭಾಮೈದ ಸಾಹೇಬರನ್ನೇ ತಬ್ಬಿಕೊಂಡು ಕುಣಿದ. ಸಾಹೇಬರೂ ಕುಣಿದರು.

ಸಂಜೆ ಜಗದೊಡೆಯನ ರೇಡಿಯೋ, ನಮ್ಮ ಹಡಗು ಸುಮ್ಮನೆ ಗಾಳಿ ಸೇವನೆಗೆ ಹೋಗಿತ್ತು ಎಂದಿತು. ನಕ್ಕೂ ನಕ್ಕೂ ಬಂದರಿನವರ ಹೊಟ್ಟೆ ಹುಣ್ಣಾಯಿತು. ಮರುದಿನ ಮೂರು ದೇಶಗಳ ಸರ್ಕಾರಗಳೂ ಸೇರಿ, ಅವನ ಯುದ್ಧದ ಹಡಗುಗಳಿಗೆ ನಮ್ಮಲ್ಲಿ ಜಾಗವಿಲ್ಲ ಎಂದು ಬಾಯಿಬಿಟ್ಟೇ ಹೇಳಿದವು.

ಮೇಸ್ತ್ರಿ ಮನೆಗೆ ಬಂದವನೇ, "ಬಟ್ಟೆಬರೆ ಕಟ್ಟೇ, ಹೆರಿಗೆಗೆ ನಾವೇ ಹೋಗೋಣ" ಎಂದ.

"ಕಟ್ಟಿ ಆಗಲೇ ಎರಡು ದಿನ ಆಯ್ತು," ಎಂದಳು ಹೆಂಡತಿ. "ನಿಮ್ಮನ್ನೇ ಕಾಯ್ತಿದ್ದೆ."