ಮಟ್ಟಸವಾದ ನೀರು

ಆ ಕಡಲತೀರ ಕಂಡ ಕೂಡಲೇ ಆರು ಗಂಟೆ ಬಸ್ಸಿನಲ್ಲಿ ಕೂತ ಸೊಂಟನೋವು ಮರೆತುಹೋಗಬೇಕಿತ್ತು, ಅಷ್ಟು ಚೆಂದವಿತ್ತು. ಕಪ್ಪು ಬಂಡೆಗಳ ನಡುವೆ ಬೆಳ್ಳನೆಯ ಮರಳು, ಅದರಾಚೆ ಹಸಿರು ನೀಲಿ ಬೆರೆತ ನೀರು. ಆದರೆ ನನ್ನ ಕಣ್ಣು ಮೊದಲು ಬಿದ್ದದ್ದು ಕೆಂಪು ಬಾವುಟದ ಮೇಲೆ. ಮಗಳೂ ನೋಡಿದಳು. ಅದನ್ನು ನಾನೇ ನೆಟ್ಟವಳೇನೋ ಎಂಬಂತೆ ನನ್ನತ್ತ ತಿರುಗಿ ಮುಖ ಊದಿಸಿಕೊಂಡಳು.

ಅವಳಿಗೆ ಹನ್ನೊಂದು ವರ್ಷ. ಶಾಲೆಯ ಕೊಳದಲ್ಲಿ ಈಜು ಕಲಿತು ಸರ್ಟಿಫಿಕೇಟು ತಂದ ದಿನದಿಂದ ಸಮುದ್ರ ಸಮುದ್ರ ಎಂದು ನನ್ನ ತಲೆ ತಿಂದಿದ್ದಳು. ಎರಡು ಸಲ ಹೊರಟು ನಿಂತಿದ್ದೆವು. ಒಂದು ಸಲ ಅವಳಿಗೆ ಜ್ವರ, ಇನ್ನೊಂದು ಸಲ ಇವರಿಗೆ ಕೆಲಸ. ಇವರು ನೆಲಕ್ಕೆ ಟೈಲ್ಸ್ ಹಾಕುವವರು. ಯಾರ ಮನೆಗೆ ಹೋದರೂ ಮೊದಲು ನೆಲ ನೋಡಿ, ಆಮೇಲೆ ಮನೆಯವರ ಮುಖ ನೋಡುತ್ತಾರೆ.

ಕಾವಲಿನವರು ವಯಸ್ಸಾದವರು, ಕೊರಳಲ್ಲಿ ಸೀಟಿ. ಇವತ್ತು ಯಾರೂ ನೀರಿಗಿಳಿಯುವ ಹಾಗಿಲ್ಲ, ದೂರ ಕೂತು ನೋಡಿ ಎಂದರು. ಪಾದ ಮಾತ್ರ ನೆನೆಸಿಕೊಳ್ಳುತ್ತೇವೆ ಎಂದು ಇವರು ಚೌಕಾಸಿ ಮಾಡಿದರು. ಪಾದದ ಮೇಲೇ ತಾನೇ ಪೂರ್ತಿ ಮನುಷ್ಯ ನಿಂತಿರೋದು ಎಂದು ಹೇಳಿ, ಬಂಡೆಯ ತುದಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದವರನ್ನು ಗದರಿಸಲು ಕಾವಲಿನವರು ಆ ಕಡೆ ಹೋದರು.

ನಾನು ಬುತ್ತಿ ಬಿಚ್ಚಿದೆ. ಮಗಳು ಮುಟ್ಟಲಿಲ್ಲ. ಅವಳ ಮುಖ ಸಣ್ಣದಾದರೆ ಇವರಿಗೆ ತಡೆಯುವುದಿಲ್ಲ. ಎದ್ದು ದಡದುದ್ದಕ್ಕೂ ನಡೆದುಹೋದವರು ಗೆದ್ದು ಬಂದವರ ಹಾಗೆ ವಾಪಸು ಬಂದರು. ಸ್ವಲ್ಪ ಮುಂದೆ ಎರಡೂ ಪಕ್ಕ ಅಲೆ ಒಡೆಯುತ್ತಿದ್ದರೂ ನಡುವಿನ ಒಂದು ಪಟ್ಟಿಯಲ್ಲಿ ಅಲೆಯೇ ಇಲ್ಲವಂತೆ.

"ಎಷ್ಟು ಮಟ್ಟಸವಾಗಿದೆ ಬಂದು ನೋಡು. ಗಾಜು ಹಾಸಿದ ಹಾಗಿದೆ," ಎಂದರು.

ಬೇಡ ಎಂದೆ. ಕಾವಲಿನವರ ಮಾತು ನೆನಪಿಸಿದೆ. ಎಲ್ಲರಿಗೂ ಹಾಗೆ ಹೇಳುವುದೇ ಅವರ ಕೆಲಸ ಎಂದರು. ನಾಲ್ಕು ಸಲ ಹೇಳಿದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಮೆಲ್ಲಗೆ. ಮಗಳ ಎದುರು ನಾನು ದನಿ ಏರಿಸಿದರೆ ಇವರ ಕಿವಿ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ಅವಳು ಚಪ್ಪಲಿ ಕಳಚಿ ಅಪ್ಪನ ಕೈ ಹಿಡಿದಾಗಿತ್ತು. ಹಲ್ಲು ಕಚ್ಚಿಕೊಂಡು ನಾನೂ ಹಿಂದೆಯೇ ಹೋದೆ.

ನೀರು ನಿಜಕ್ಕೂ ಶಾಂತವಾಗಿತ್ತು. ಅವರಿಬ್ಬರೂ ಮೊಣಕಾಲಿನವರೆಗೆ ಇಳಿದಿದ್ದರು. ಅಕ್ಕಪಕ್ಕದಲ್ಲಿ ಒಡೆದ ಅಲೆಯ ನೊರೆ ಓರೆಯಾಗಿ ಆ ಪಟ್ಟಿಗೆ ಬಂದು ಸೇರುತ್ತಿತ್ತು. ಸೇರಿದ್ದು ದಡಕ್ಕೆ ಬರುತ್ತಿರಲಿಲ್ಲ, ಸಾಲಾಗಿ ಒಳಕ್ಕೆ ಹೋಗುತ್ತಿತ್ತು. ದಿನಾ ಬಚ್ಚಲು ತೊಳೆಯುವಾಗ ಸೋಪಿನ ನೊರೆ ಹೀಗೇ ಹೋಗುವುದನ್ನು ನೋಡುತ್ತೇನೆ.

"ರೀ, ಬಚ್ಚಲಿಗೆ ನೀವು ಇಳಿಜಾರು ಯಾಕೆ ಕೊಡ್ತೀರಿ?" ಎಂದು ಕೂಗಿ ಕೇಳಿದೆ.

ಇವಳಿಗೇನಾಯಿತು ಎಂಬಂತೆ ತಿರುಗಿದರು.

"ನೊರೆ ನೋಡಿ. ಎರಡೂ ಕಡೆಯ ನೀರು ಇಲ್ಲಿಂದಲೇ ವಾಪಸ್ ಹೋಗ್ತಿದೆ."

ನೋಡಿದರು. ಇನ್ನೊಂದು ಮಾತು ಬೇಕಾಗಲಿಲ್ಲ, ಮುಖ ಬಿಳುಚಿಕೊಂಡಿತು. ಆದರೆ ಮಗಳು ಅವರಿಗಿಂತ ಎರಡು ಹೆಜ್ಜೆ ಮುಂದಿದ್ದಳು. ಹಿಂದಕ್ಕೆ ಎಳೆದರೆ ಆಟವೆಂದುಕೊಂಡು ನಗುತ್ತಾ ಮುಂದಕ್ಕೆ ಜಗ್ಗಿದಳು. ಕಾಲಡಿಯ ಮರಳು ಜಾರಿ ಕಂಠದವರೆಗೆ ಮುಳುಗಿದಳು. ಇವರೂ ಮುಗ್ಗರಿಸಿದರು. ಉಟ್ಟ ಬಟ್ಟೆಯಲ್ಲೇ ನುಗ್ಗಿ ಅವಳ ಇನ್ನೊಂದು ಮಣಿಕಟ್ಟು ಹಿಡಿದೆ. ಇಬ್ಬರೂ ಸೇರಿ ಎಳೆದರೂ ಅವಳು ತೂಗುತ್ತಿದ್ದದ್ದು ಮೂರು ಮಕ್ಕಳಷ್ಟು. ಎಲ್ಲಿಂದಲೋ ಸೀಟಿ ಕೇಳುತ್ತಿತ್ತು.

ಹೇಗೋ ಅವಳನ್ನು ಎಳೆದು ತಂದು ದಡದಲ್ಲಿ ಕುಸಿದು ಕೂತಾಗ ಕಾವಲಿನವರು ಏದುಸಿರು ಬಿಡುತ್ತಾ ಬಂದರು. ಬೈದದ್ದು ನನ್ನನ್ನು. ತಾಯಿಯಾಗಿ ನಿಮಗಾದರೂ ಬುದ್ಧಿ ಬೇಡವಾ ಎಂದರು. ಇವರು ಬಾಯಿ ಬಿಡುತ್ತಾರೇನೋ ಎಂದು ಕಾದೆ. ಕಿವಿಯೊಳಗಿನ ನೀರು ತೆಗೆಯುತ್ತಾ ನಿಂತಿದ್ದರು.

ವಾಪಸು ಬಸ್ಸಿನಲ್ಲಿ ಮಗಳು ಕೆಂಪಗಾದ ಮಣಿಕಟ್ಟನ್ನು ನನ್ನ ಕಣ್ಣೆದುರು ಹಿಡಿದಳು. ಅಪ್ಪ ಹಿಡಿದುಕೊಂಡೇ ಇದ್ದರು, ನೀನು ಬಂದು ಎಲ್ಲ ಹಾಳು ಮಾಡಿದೆ ಎಂದು ಅತ್ತಳು. ಆಮೇಲೆ ಅವರ ಕಡೆ ವಾಲಿ, "ಮುಂದಿನ ಸಲ ನಾವಿಬ್ಬರೇ ಬರೋಣ ಅಪ್ಪ," ಎಂದಳು.

"ಅಮ್ಮನ್ನ ಕೇಳು," ಎಂದರು ಇವರು.

ಬೇಡ ಎನ್ನುವ ಮಾತೆಲ್ಲ ನನ್ನ ಪಾಲಿಗೆ, ಹೂಂ ಎನ್ನುವುದೆಲ್ಲ ಅವರದು.

"ನಾನು ಹೇಳಲ್ಲ. ಇವತ್ತು ಏನಾಯ್ತು ಅಂತ ನೀವೇ ಅವಳಿಗೆ ಹೇಳಿ," ಎಂದೆ.

ಒಂದು ನಿಲ್ದಾಣ ದಾಟಿತು. ಇವರು ತಮ್ಮ ಅಂಗೈ ನೋಡಿಕೊಳ್ಳುತ್ತಾ, "ನಿನ್ನ ಕೈ ಜಾರ್ತಾ ಇತ್ತು ಮಗಳೇ. ಕೊನೆಗೆ ನನ್ನ ಹತ್ತಿರ ಉಳಿದಿದ್ದು ಎರಡು ಬೆರಳು. ಅಮ್ಮ ಬರದೇ ಇದ್ದಿದ್ರೆ ಅದೂ ಇರ್ತಿರಲಿಲ್ಲ," ಎಂದರು.

ಅವಳು ಅವರನ್ನೇ ನೋಡುತ್ತಾ ಕೂತಳು. ಆಮೇಲೆ ಕಿಟಕಿಯತ್ತ ತಿರುಗಿಕೊಂಡಳು. ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಟವೆಲ್ ತೆಗೆದು ಒರೆಸತೊಡಗಿದೆ. ಮುಖ ಆ ಕಡೆ ಇಟ್ಟುಕೊಂಡೇ ತಲೆಯನ್ನಷ್ಟೇ ನನ್ನತ್ತ ವಾಲಿಸಿದಳು. ಸಿಟ್ಟು ಇಳಿದಿರಲಿಲ್ಲ, ಸ್ವಲ್ಪ ಜೋರಾಗಿಯೇ ಒರೆಸಿದೆ.