ಸೋಮವಾರ ಎತ್ತದ ಕಲ್ಲು

ಪೊಲೀಸ್ ಠಾಣೆಯಲ್ಲಿ ಫೌಜದಾರರು ಕೊಟ್ಟ ಹಾಳೆಯನ್ನು ರಘೂತ್ತಮ ಮಾಸ್ತರು ಎರಡು ಸಲ ಓದಿದರು. ಮೂವತ್ತೊಂದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿ, ನಿವೃತ್ತರಾದ ಮೇಲೆ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದ ಅವರಿಗೆ, ತಾನಾಗಿ ಬರೆದ ಉತ್ತರವಾವುದು, ಯಾರೋ ಹೇಳಿಕೊಟ್ಟು ಬರೆಸಿದ್ದಾವುದು ಎಂಬುದು ನೋಡಿದೊಡನೆ ತಿಳಿಯುತ್ತಿತ್ತು. ಹಾಳೆಯಲ್ಲಿ ಒಂದೇ ಒಂದು ಚಿತ್ತಿರಲಿಲ್ಲ. ಅವರ ಅನುಮಾನಕ್ಕೆ ಅಷ್ಟು ಸಾಕಾಗಿತ್ತು.

ಗುಂಡುಕಲ್ಲು ಎತ್ತುವುದರಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿದ್ದ ಸಂಗನಬಸವನಿಗೆ, ಸೋಮವಾರ ನಸುಕಿನಲ್ಲಿ ಗರಡಿಯ ಮುಂದೆ ಅಭ್ಯಾಸ ಮಾಡುವಾಗ ಕಲ್ಲು ಜಾರಿ ಎದೆಯ ಮೇಲೆ ಬಿದ್ದು ಒಳಪೆಟ್ಟಾಗಿತ್ತು. ಪಂಪ್‌ಸೆಟ್ ಕಳವಿನ ವಿಚಾರಣೆಗೆ ಹನ್ನೊಂದು ಗಂಟೆಗೆ ಹಿರೇಗುಂಡಿಗೇರಿ ಠಾಣೆಗೆ ಬಂದು, ಹೇಳಿಕೆ ಕೊಟ್ಟು, ನಾಲ್ಕಕ್ಕೆ ಮನೆಗೆ ಹೊರಟವನು ದಾರಿಯಲ್ಲಿ ಕುಸಿದು ತೀರಿಕೊಂಡ. ಹಾಳೆಯಲ್ಲಿ ಇದ್ದುದು ಇಷ್ಟು.

"ಹೀಗೇ ಹಾಕ್ಬಿಡಿ ಮೇಷ್ಟ್ರೇ," ಎಂದರು ಫೌಜದಾರರು. ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದು ಅವರಿಗಿನ್ನೂ ಮೂರು ತಿಂಗಳು. "ಟೀ ತರಿಸ್ಲಾ?"

"ಬ್ಯಾಡ್ರಿ. ಶವಪರೀಕ್ಷೆ ವರದಿ?"

"ಬರತ್ತೆ, ಟೈಮ್ ಹಿಡಿಯತ್ತೆ. ಅಲ್ಲೀವರೆಗೂ ಊರಲ್ಲಿ ಗಲಾಟೆ ಆಗಬಾರ್ದು ಅಲ್ವಾ?"

ಗಲಾಟೆಯ ಭಯ ಸತ್ತವನ ಮನೆಯವರಿಗಿಲ್ಲದೆ ಠಾಣೆಗೇಕೆ ಎಂದುಕೊಳ್ಳುತ್ತ ಮಾಸ್ತರು ಎದ್ದರು. ಅಂದು ಬುಧವಾರ. ಸಂಜೆ ಐದರೊಳಗೆ ವರದಿ ಹುಬ್ಬಳ್ಳಿ ಮುಟ್ಟದಿದ್ದರೆ, ಆ ಹಾಳೆಯೇ ನಾಳೆಯ ಸುದ್ದಿಯಾಗುತ್ತಿತ್ತು.

ಅದು ಹಾಗಾಗಬಾರದೆಂದು ಬೆಳಿಗ್ಗೆಯೇ ಸಂಗನಬಸವನ ತಂಗಿ ನೇತ್ರಾ ಅವರ ಮನೆಗೆ ಬಂದು ಹೇಳಿದ್ದಳು. "ಅಣ್ಣ ತನ್ನ ಗುಂಡಿನ ಕೈಯಾಗ ತಾನ ಸತ್ತಾ ಅಂತ ಪೇಪರಿನ್ಯಾಗ ಬಂದ್ರ, ಕೇಸು ಅಲ್ಲಿಗೇ ಮುಗೀತ್ರಿ ಮಾಸ್ತರ್ರ. ಮುಂದ ಯಾರೂ ತಿರುಗಿ ನೋಡಂಗಿಲ್ಲ." ಅವಳ ಮೊಬೈಲಿನಲ್ಲಿ ಒಂದು ಫೋಟೋ ಇತ್ತು: ಅಣ್ಣನ ಬಲಹೆಗಲು ಮತ್ತು ಎದೆ, ಚರ್ಮವೆಲ್ಲ ನೀಲಿಗಟ್ಟಿದ್ದು. 'ಪೊಲೀಸರು ಹೊಡೆದ ಗುರುತು' ಎಂಬ ಸಾಲಿನೊಡನೆ ಅದು ಆಗಲೇ ನವಲಗುಂದ ದಾಟಿ ಅಣ್ಣಿಗೇರಿಯವರೆಗೂ ಹೋಗಿತ್ತು.

ಮಾಸ್ತರು ಠಾಣೆಯಿಂದ ನೇರ ಗರಡಿಗೆ ಹೋದರು. ಬೇವಿನ ಮರದ ಬುಡದಲ್ಲಿ ಗುಂಡುಕಲ್ಲು ಇತ್ತು; ಅದರ ಮೇಲೆ ವಿಭೂತಿಯ ಮೂರು ಗೆರೆ, ಒಣಗಿದ ಒಂದು ಕಣಗಿಲ ಹೂವು. ಕಟ್ಟೆಯ ಮೇಲೆ ಸಂಗನಬಸವನ ಜೊತೆ ಗುಂಡೆತ್ತುತ್ತಿದ್ದ ಗೆಳೆಯ ಹಾರೂನ್ ಕುಳಿತಿದ್ದ. ಇಬ್ಬರೂ ಮಾಸ್ತರರ ಶಿಷ್ಯರೇ.

"ಸಂಗನ ಹೆಗಲು ನೀಲಿ ಮಾಡಿದವರು ಯಾರಪಾ?"

"ಪೊಲೀಸರ್ರಿ." ಹಾರೂನ್ ಮುಖ ಎತ್ತಲಿಲ್ಲ.

"ಅಂಗಿ ತಗಿ."

"ಯಾಕ್ರಿ ಸರ?"

"ತಗೀ ಅಂದೆ."

ಹಾರೂನ್ ಗುಂಡಿ ಬಿಚ್ಚಿದ. ಅವನ ಬಲಹೆಗಲಿನ ಮೇಲೂ ಎದೆಯ ಮೇಲೂ ಅದೇ ಜಾಗದಲ್ಲಿ ಅದೇ ನೀಲಿ.

"ಇದನ್ನೂ ಅವರೇ ಹೊಡದ್ರೇನಲೇ?"

ಹಾರೂನ್ ಅಂಗಿಯನ್ನು ತಿರುಗಿ ಹೆಗಲಿಗೆ ಎಳೆದುಕೊಂಡ. "ರವಿವಾರ ಇಬ್ರೂ ಕೂಡೇ ಎತ್ತಿದ್ವಿರಿ. ಖರೇ ಹೇಳಿದ್ರ ಸಂಗ್ಯಾಗ ಅನ್ಯಾಯ ಆಕ್ಕೈತಿ ಅಂತ ಸುಮ್ಮನಿದ್ದೆ."

"ಸುಳ್ಳು ಹೇಳಿದ್ರ ಆಗಂಗಿಲ್ಲೇನು?" ಮಾಸ್ತರರ ದನಿ ಏರಿತು. "ಇರ್ಲಿ. ಮತ್ತ ಸೋಮವಾರ ನಸುಕಿನ್ಯಾಗ ಎತ್ತಿದ್ದು?"

ಹಾರೂನ್ ಉತ್ತರಿಸುವ ಮೊದಲೇ, ಅಂಗಳದ ಆಚೆ ಕಸ ಹೊಡೆಯುತ್ತಿದ್ದ ಸಾವಿತ್ರೆವ್ವ ಕಸಬರಿಗೆ ಹಿಡಿದೇ ಬಂದಳು. ಕಲ್ಲಿನ ಪೂಜೆ ಅವಳ ಪಾಲಿನದು.

"ಯಾಂವ ಹೇಳಿದ್ನ್ರಿ ನಿಮಗ? ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ, ಗುಂಡಿಗೆ ಕೈ ಹಚ್ಚಂಗಿಲ್ಲ. ಬಸವಣ್ಣನ ವಾರ. ಸಣ್ಣ ಹುಡುಗೂರಿಗೂ ಗೊತ್ತೈತಿ."

ಫೌಜದಾರರಿಗೆ ಗೊತ್ತಿರಲಿಲ್ಲ! ಬದುಕಿದ್ದಾಗ ಸಂಗನಬಸವ ಕಲ್ಲು ಮುಟ್ಟದ ವಾರದಂದೇ, ಹಾಳೆಯಲ್ಲಿ ಸತ್ತವನ ಎದೆಯ ಮೇಲೆ ಅವನದೇ ಕಲ್ಲನ್ನು ಹೇರಿದ್ದರು. ಆದರೂ ಮಾಸ್ತರು ಪೆನ್ನಿನ ಟೋಪಿ ತೆಗೆಯಲಿಲ್ಲ.

"ರೂಢಿ ಐತಿ ಅಂದ್ರ ಸಾಲಂಗಿಲ್ಲವಾ. ರೂಢಿ ಮುರಿಯವರೂ ಇರ್ತಾರ. ಮೊನ್ನಿ ಸೋಮವಾರ ನೀ ಕಣ್ಣಿಲೇ ಏನ ಕಂಡಿ, ಅಷ್ಟ ಹೇಳು."

"ನಸುಕಿನ್ಯಾಗ ನೀರು ಹಾಕಿ, ವಿಭೂತಿ ಹಚ್ಚಿ, ಹೂವ ಏರಿಸಿ, ಇಲ್ಲೇ ಶೇಂಗಾ ಸುಲಕೋತ ಕುಂತಿದ್ದೆ. ಹತ್ತೂವರಿ ಸುಮಾರಿಗೆ ಸಂಗ್ಯಾ ಬಂದು ಕಲ್ಲಿಗೆ ಕೈ ಮುಗದು, ಈ ಹಾರೂನನ ಗಾಡಿ ಹತ್ತಿ ಹ್ವಾದ. ಹೂವ ಅಳ್ಳಾಡಿಲ್ಲ."

"ಹೆಸರು ಹಾಕ್ಲೇನು?"

"ಹಾಕ್ರಿ, ಫೋಟೋನೂ ಹಾಕ್ರಿ. ಈ ವಯಸ್ಸಿನ್ಯಾಗ ನನಗ ವರ ನೋಡೂದೈತೇನು?"

ಹಾರೂನ್ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. "ಠಾಣೆ ಮುಂದ ನಾನ ಇಳಿಸಿದ್ದು ಸರ. ಮೆಟ್ಟಲಾ ದಡದಡ ಹತ್ತಿದ. ಮರುದಿನ ಮಣ್ಣಿಗೆ ಒಯ್ಯೂ ಮುಂದ, ಕುಂಡ್ರಸಾಕ ಕಾಲು ಮಡಿಚಿದ್ವಿ, ನಾನೂ ಕೈ ಹಚ್ಚಿದ್ದೆ. ಅಂಗಾಲು ಮ್ಯಾಲಾದ್ವು. ಉಬ್ಬಿ ಕರ್ರಗ ಆಗಿದ್ವು. ಆ ಕಾಲಿಲೇ ಆಂವ ಮೆಟ್ಟಲಾ ಹತ್ತಿರಾಕ ಸಾಧ್ಯನ ಇಲ್ಲ."

ಮೂರು ಗಂಟೆಗೆ ಮಾಸ್ತರು ನೇತ್ರಾಳ ಮನೆಯ ಪಡಸಾಲೆಯಲ್ಲಿದ್ದರು. ಹೆಗಲಿನ ನೀಲಿ ಗುಂಡಿನದೆಂದು ಬರೆಯುವೆನೆಂದಾಗ ಅವಳು ಸಿಡಿದೆದ್ದಳು.

"ಅವರ ಕಡೆ ಆದ್ರೇನ್ರಿ? ಎಷ್ಟು ಕುಡಿಸಿದ್ರು ಚಾ?"

"ಬೈಯಿ ತಂಗಿ, ಬೈಸ್ಕೋತೀನಿ. ಆದ್ರ ಆ ಫೋಟೋ ಅರ್ಧಾ ಕಾಣ್ತೈತಿ. ಇಡೀದು ಎಲ್ಲೈತಿ?"

"ಹೆಗಲು ದೊಡ್ಡದಾಗಿ ಕಾಣ್ಲಿ ಅಂತ ನಾನ ಕತ್ತರಿಸೀನಿ."

ಅವಳು ಮೂಲ ಫೋಟೋ ತೆರೆದಳು. ಮಾಲೆ ಹಾಕಿ, ಹಣೆಗೆ ವಿಭೂತಿ ಬಳಿದು, ಪದ್ಮಾಸನದಲ್ಲಿ ಕೂರಿಸಿದ ಸಂಗನಬಸವ. ಮಾಸ್ತರು ಚಿತ್ರವನ್ನು ಕೆಳಕ್ಕೆ ಸರಿಸಿ ಹಿಗ್ಗಿಸಿದರು. ಎರಡೂ ಅಂಗಾಲುಗಳು ಕ್ಯಾಮೆರಾಕ್ಕೆ ಎದುರಾಗಿದ್ದವು, ಒಡೆದ ಬದನೆಕಾಯಿಯಂತೆ. ನೇತ್ರಾ ನೋಡಿದಳು, ತಾನು ಏನನ್ನು ಕತ್ತರಿಸಿ ಬಿಸಾಕಿದ್ದೆನೆಂದು ತಿಳಿದು ಗೋಡೆಗೆ ಒರಗಿದಳು.

"ಇನ್ನೊಂದು ಕೆಲಸ ಐತಿ," ಎಂದು ಮಾಸ್ತರು ಅಲ್ಲಿಂದಲೇ ಫೌಜದಾರರಿಗೆ ಫೋನ್ ಹಚ್ಚಿ, ಅವಳಿಗೂ ಕೇಳುವಂತೆ ಇಟ್ಟರು. ದೂರು ಯಾರ ಮೇಲೆಯೇ ಇರಲಿ, ಅವರನ್ನು ಕೇಳದೆ ಬರೆದರೆ ಅದು ಚಾಡಿ.

"ಸಾಹೇಬ್ರ, ಶವದ ಗಾಯದ ಬಗ್ಗೆ ಬರೀಲಿಕ್ಕೆ ಹತ್ತೀನಿ—"

"ಆ ಫೋಟೋ ತಾನೇ? ನೋಡ್ದೆ, ನೋಡ್ದೆ." ಫೌಜದಾರರ ದನಿಯಲ್ಲಿ ಗೆಲುವು ಇತ್ತು. "ಮೇಷ್ಟ್ರೇ, ಆ ಹೆಗಲಿನ ನೀಲಿ ಗುಂಡೆತ್ತಿ ಆಗಿದ್ದು. ಬೇಕಾದ್ರೆ ಆ ಊರಿನ ಅಷ್ಟೂ ಪೈಲ್ವಾನರ ಅಂಗಿ ಬಿಚ್ಚಿಸಿ ತೋರಿಸ್ತೀನಿ. ಹಾಕಿ ನೀವು, ನಾಳೆ ಸುಳ್ಳು ಸುದ್ದಿ ಅಂತ ನಾನೇ ಕೇಸ್ ಹಾಕ್ತೀನಿ."

"ಅದು ಗುಂಡಿನ ಗುರುತು ಅಂತ ನಾನೂ ಬರದೀನ್ರಿ. ನಾ ಕೇಳೂದು ಅಂಗಾಲಿನ ಬಗ್ಗೆ."

ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದು ಕೇಳಿಸಿತು.

"ಮತ್ತ ಸೋಮವಾರ ಆಂವ ಗುಂಡು ಎತ್ತಿದ್ದು ಕಂಡವರು ಯಾರು? ಅವರ ಹೆಸರು ಹೇಳ್ರಿ, ಅದನ್ನೂ ಹಾಕ್ತೀನಿ."

ಫೌಜದಾರರು ಫೋನ್ ಕಟ್ ಮಾಡಿದರು. ಮತ್ತೆರಡು ಸಲ ಹಚ್ಚಿದರೂ ಎತ್ತಲಿಲ್ಲ.

ನಾಲ್ಕೂವರೆಗೆ ವರದಿ ಮುಗಿಯಿತು. ಪೊಲೀಸರ ಹೇಳಿಕೆ ಅವರ ಮಾತಿನಲ್ಲೇ ಪೂರ್ತಿ ಇತ್ತು. ಸಾವಿತ್ರೆವ್ವ ಕಂಡದ್ದು, ಹಾರೂನ್ ಕಂಡದ್ದು, ಫೋಟೋದಲ್ಲಿ ಕಾಣುವುದು ಇದ್ದವು. ಶವಪರೀಕ್ಷೆಯ ವರದಿ ಬಂದಿಲ್ಲವೆಂದೂ, ಎರಡು ಪ್ರಶ್ನೆಗಳಿಗೆ ಫೌಜದಾರರು ಉತ್ತರಿಸಲಿಲ್ಲವೆಂದೂ ಇತ್ತು. 'ಕೊಲೆ' ಎಂಬ ಶಬ್ದ ಎಲ್ಲಿಯೂ ಇರಲಿಲ್ಲ.

ನೇತ್ರಾ ಹಾಳೆ ಇಸಿದುಕೊಂಡು ಓದಿದಳು. ಹೆಗಲಿನ ಸಾಲಿಗೆ ಬಂದಾಗ ನಿಂತಳು.

"ಈ ಸಾಲು ಇಲ್ಲದಿದ್ರ ನಾಳೆ ಅವರು ಆ ಹೆಗಲಿನ ಫೋಟೋ ಹಿಡಕೊಂಡು ಎಲ್ಲಾನೂ ಸುಳ್ಳು ಅಂತಿದ್ರು, ಹೌದಲ್ರಿ?"

"ಹೌದವಾ."

"ಹಂಗಾರ ಇದು ಕೆಳಗ್ಯಾಕ ಐತ್ರಿ? ಮ್ಯಾಲ ತರ್ರಿ."

ಮಾಸ್ತರು ಹೆಗಲಿನ ಸಾಲನ್ನು ಅಂಗಾಲಿನ ಸಾಲಿಗಿಂತ ಮೊದಲು ಬರೆದು, ಐದರೊಳಗೆ ವರದಿಯನ್ನು ಹುಬ್ಬಳ್ಳಿಗೆ ಕಳಿಸಿದರು. ನೇತ್ರಾ ಮೊಬೈಲು ತೆಗೆದುಕೊಂಡು, ತಾನು ಫೋಟೋ ಕಳಿಸಿದ್ದ ಗುಂಪುಗಳನ್ನು ಒಂದೊಂದಾಗಿ ತೆರೆದು, ಕತ್ತರಿಸಿದ್ದನ್ನು ಅಳಿಸಿ ಇಡೀದನ್ನು ಕಳಿಸುತ್ತ ಕುಳಿತಳು.