ಕುರ್ಚಿ ತಿರುಗಿಸಿ, ಎದುರು ಕೂತು ಕೇಳಿ

ಆ ಬೀದಿಯ ಕ್ಷೌರದಂಗಡಿಯವನಿಗೆ ಜನ ಇಟ್ಟ ಹೆಸರು ಮಾತಿನಮಲ್ಲ. ಅವನು ಮಾತು ಶುರುವಿಟ್ಟುಕೊಂಡರೆ ಎದುರಂಗಡಿಯ ಗಡಿಯಾರ ಓಡುವುದನ್ನೂ ಮರೆತು ಕೇಳುತ್ತಿತ್ತು. ಗಡ್ಡ ಬೋಳಿಸಿಕೊಳ್ಳಲು ಬಂದವನಿಗೆ ಮಾತು ಮುಗಿಯುವಷ್ಟರಲ್ಲಿ ಇನ್ನೊಂದು ಗಡ್ಡ ಬೆಳೆದಿರುತ್ತಿತ್ತು. ಇದರಲ್ಲಿ ಕೂದಲೆಳೆಯಷ್ಟೂ ಸುಳ್ಳಿಲ್ಲ. ಇಂಥ ಮಲ್ಲನೂ ಹೆದರುತ್ತಿದ್ದ ಪದ ಒಂದೇ ಒಂದು: ಆತ್ಮಹತ್ಯೆ.

ಅವನ ಹೆಂಡತಿ ಓದಲು ಕೂತದ್ದೂ ಅದನ್ನೇ! ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಆತ್ಮಹತ್ಯೆ ತಡೆಯುವುದನ್ನು ಕಲಿಸುವ ಸ್ನಾತಕೋತ್ತರ ಪದವಿಗೆ ಆನ್‌ಲೈನಿನಲ್ಲಿ ಸೇರಿದ್ದಳು. ನೆಟ್‌ವರ್ಕ್ ಸರಿಯಾಗಿ ಸಿಗುತ್ತಿದ್ದುದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಲ್ಲೇ ಟವೆಲ್ ರಾಶಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಕೇಳುವಳು.

"ಓದೋಕೆ ಬೇರೆ ಏನೂ ಸಿಗಲಿಲ್ವೇನೇ? ಸೌಂಡ್ ಕಮ್ಮಿ ಮಾಡು, ಗಿರಾಕಿಗಳಿಗೆ ಕೇಳ್ಸುತ್ತೆ."

"ಕೇಳ್ಸಲಿ ಬಿಡಿ."

"ಆ ಮಾತು ಎತ್ತಿದ್ರೆ ಸುಮ್ನೆ ಇದ್ದೋರ ತಲೆಗೂ ಹುಳ ಬಿಟ್ಟ ಹಾಗಾಗುತ್ತೆ!"

"ನಾನೂ ಹಾಗೇ ಅಂದ್ಕೊಂಡಿದ್ದೆ ರೀ. ಆದ್ರೆ ನೇರವಾಗಿ ಪ್ರಶ್ನೆ ಕೇಳಿದ್ರೆ ಆ ಯೋಚನೆ ಹುಟ್ಟಲ್ಲ ಅಂತ ಪಾಠದಲ್ಲಿ ಹೇಳಿದ್ರು. ಒಳಗೇ ಇಟ್ಕೊಂಡು ಒದ್ದಾಡ್ತಿರೋರಿಗೆ ಬಾಯಿ ಬಿಡೋಕೆ ದಾರಿಯಾಗುತ್ತೆ."

"ಇಷ್ಟು ವರ್ಷ ನರ್ಸ್ ಆಗಿದ್ದು ಸಾಲದಾ?"

"ಅಂಥವರು ವಾರ್ಡಿಗೆ ಬಂದಾಗ ಡ್ರಿಪ್ ಹಾಕೋದು ಗೊತ್ತಿತ್ತು. ಪಕ್ಕ ಕೂತು ಏನು ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ. ನೀವು ಬೇಡ ಅಂದ್ರೂ ಕಲಿತೇ ತೀರ್ತೀನಿ."

ಒಂದು ದಿನ ಅಭ್ಯಾಸಕ್ಕೆಂದು ಅವಳೇ ಕ್ಷೌರದ ಕುರ್ಚಿಯಲ್ಲಿ ಕೂತಳು. "ನಾನು ನೊಂದವಳು, ನೀವು ಕೇಳೋರು. ಶುರು ಮಾಡೋಣ... ಯಾಕೋ ಯಾವುದೂ ಬೇಡ ಅನ್ನಿಸ್ತಿದೆ."

"ಅಯ್ಯೋ, ಇಷ್ಟಕ್ಕೆಲ್ಲ ಯಾರಾದ್ರೂ... ನನ್ನ ಸೋದರಮಾವ ಪಟ್ಟ ಕಷ್ಟ ಕೇಳು!"

ಸೋದರಮಾವನ ಕಥೆ ಮುಗಿಯುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು.

"ಫೇಲ್," ಎಂದಳು ಹೆಂಡತಿ. "ನಾನು ಬಾಗಿಲು ತೆಗೆಯೋ ಮೊದ್ಲೇ ಅಗಳಿ ಹಾಕ್ಬಿಟ್ರಿ. ನೀವು ಗಿರಾಕಿ ಮುಖ ನೋಡೋದೇ ಕನ್ನಡೀಲಿ. ಅದರಲ್ಲೂ ಅರ್ಧ ಹೊತ್ತು ನಿಮ್ಮ ಕ್ರಾಪೇ ನೋಡ್ಕೋತಿರ್ತೀರಿ. ಕುರ್ಚಿ ತಿರುಗಿಸಿ, ಎದುರು ಕೂತು ನೇರವಾಗಿ ಕೇಳಿ. ಆಮೇಲೆ ಬಾಯಿ ಮುಚ್ಚಿ."

"ಬಾಯಿ ಮುಚ್ಚೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ತೀನಿ."

ಕೆಲವು ದಿನಗಳ ನಂತರ, ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ, ಬೋರ್ಡ್ ಬರೆಯುವ ಪೇಂಟರ್ ಬಂದ. ಮಲ್ಲನ ಜೀವದ ಗೆಳೆಯ. ಅವನ ಮೀಸೆಯ ಅಳತೆಗಾಗಿ ಇವರಿಬ್ಬರೂ ಜಗಳಕ್ಕೆ ನಿಂತರೆ ಬೀದಿಯ ಕಾಗೆಗಳೆಲ್ಲ ಪಕ್ಕದ ಊರಿಗೆ ಗುಳೆ ಹೋಗುತ್ತಿದ್ದವು.

"ಮೀಸೆ ಎಷ್ಟು ಬಿಡ್ಲಿ?"

"ಹೇಗಾದ್ರೂ ಮಾಡೋ."

ಮಲ್ಲನ ಕತ್ತರಿ ಗಾಳಿಯಲ್ಲೇ ನಿಂತಿತು. ಪೇಂಟರ್ ಚೀಲದಿಂದ ಬ್ರಷ್‌ಗಳ ಕಟ್ಟು ತೆಗೆದು ಕನ್ನಡಿಯ ಮುಂದಿಟ್ಟ. ಮನೆಯಲ್ಲಿ ಅಕ್ಕನಿಗೂ ಮುಟ್ಟಲು ಕೊಡದ ಬ್ರಷ್‌ಗಳು ಅವು.

"ನೀನೇ ಇಟ್ಕೋ. ನಂಗಿನ್ನು ಬೇಕಾಗಲ್ಲ."

ಮಲ್ಲನ ನಾಲಿಗೆಯ ತುದಿಗೆ ತಮಾಷೆಯೊಂದು ಬಂದು ನಿಂತಿತ್ತು. ಅದನ್ನು ನುಂಗಿಕೊಂಡ. ಕತ್ತರಿ ಕೆಳಗಿಟ್ಟು ಕುರ್ಚಿ ತಿರುಗಿಸಿದ, ಸ್ಟೂಲ್ ಎಳೆದುಕೊಂಡು ಎದುರು ಕೂತ. ಕನ್ನಡಿಯಲ್ಲಿ ಕಾಣದ್ದು ಆಗ ಕಂಡಿತು: ನಿದ್ದೆ ಕಾಣದ ಕಣ್ಣು, ತೊಡೆಯ ಮೇಲೆ ನಡುಗುವ ಬಲಗೈ.

"ಸಾಯಬೇಕು ಅನ್ನಿಸ್ತಿದೆಯೇನೋ?"

ಪೇಂಟರ್ ತಲೆ ತಗ್ಗಿಸಿದ. "ಹೂಂ," ಎಂದ.

ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಕೈ ನಡುಗುತ್ತೆ, ಅಕ್ಷರ ನಿಲ್ಲಲ್ಲ, ರಾತ್ರಿ ಕಣ್ಣು ಮುಚ್ಚಲ್ಲ, ಮನೇಲಿ ಎಲ್ಲರಿಗೂ ಹೊರೆ ಆಗಿದ್ದೀನಿ. ಮಲ್ಲ ತುಟಿ ಬಿಚ್ಚಲಿಲ್ಲ. ಬೆಟ್ಟ ಹೊತ್ತವರು ಇದ್ದಾರು, ಆದರೆ ಆ ಮಧ್ಯಾಹ್ನ ಮಲ್ಲ ಹೊತ್ತ ಮೌನದಷ್ಟು ಭಾರ ಮೂರು ಲೋಕದಲ್ಲಿ ಯಾರೂ ಹೊತ್ತಿಲ್ಲ.

ಕೊನೆಗೆ ಹೇಳಿದ: "ನಂಗೆ ಹೇಳಿದ್ದು ಒಳ್ಳೇದಾಯ್ತು ಕಣೋ. ನಿನ್ನ ಒಬ್ಬನ್ನೇ ಬಿಡಲ್ಲ. ಅವಳು ಒಳಗಿದ್ದಾಳೆ, ಕರೀತೀನಿ."

"ಬೇಡ ಕಣೋ. ಯಾರಿಗೂ ಗೊತ್ತಾಗೋದು ಬೇಡ."

"ಬೀದಿಗೆಲ್ಲ ಸಾರಲ್ಲ. ಆದ್ರೆ ಗುಟ್ಟಾಗಿ ಇಡೋಕೂ ಆಗಲ್ಲ. ನಂಗೆ ನೀನು ಬೇಕು."

ಹೆಂಡತಿ ಬಂದು ಪಕ್ಕದಲ್ಲೇ ಕೂತು ನಿಧಾನವಾಗಿ ಒಂದೊಂದೇ ಕೇಳಿದಳು. ಪೇಂಟರನನ್ನು ಒಪ್ಪಿಸಿ ಅವನ ಅಕ್ಕನಿಗೆ ಫೋನ್ ಮಾಡಿದಳು. ಎಲ್ಲರೂ ಸೇರಿ ಅಂದೇ ಮನೋವೈದ್ಯರ ಬಳಿ ಕರೆದೊಯ್ದರು. ಅಪಾಯವಾಗುವಂಥದ್ದೇನೂ ಮನೆಯಲ್ಲಿ ಅವನ ಕೈಗೆ ಸಿಗದಂತೆ ಅಕ್ಕ ನೋಡಿಕೊಂಡಳು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಚಿಕಿತ್ಸೆ ಈಗಲೂ ನಡೆಯುತ್ತಿದೆ. ಆದರೆ ಮೊನ್ನೆ ಬೆಳಿಗ್ಗೆ ಪೇಂಟರ್ ಕುರ್ಚಿಯಿಂದ ಎಗರಿ ಎದ್ದು ಕೂಗಿದ: "ಲೋ, ಎಡಗಡೆ ಮೀಸೆ ಗಿಡ್ಡ ಮಾಡಿದ್ಯಲ್ಲೋ, ಕಣ್ಣಿಲ್ವಾ?"

ಮಲ್ಲನ ಕಿವಿಗೆ ಜನ್ಮದಲ್ಲಿ ಅಷ್ಟು ಇಂಪಾದ ಬೈಗುಳ ಬಿದ್ದಿರಲಿಲ್ಲ. ಬ್ರಷ್‌ಗಳ ಕಟ್ಟನ್ನು ಗೆಳೆಯನ ಕೈಗಿಟ್ಟ. ಕಾಗೆಗಳು ಗುಳೆ ಎದ್ದವು.

ಈಗ ಪಾಠದ ಹೊತ್ತಿಗೆ ಅಂಗಡಿಯಲ್ಲಿ ರೇಡಿಯೋ ಬಂದ್. "ಶ್! ನನ್ನ ಹೆಂಡ್ತಿ ಓದ್ತಿದ್ದಾಳೆ. ಅವಳಿಗೆ ಕಲಿಸಿದ್ದೇ ನಾನು," ಎನ್ನುತ್ತಾನೆ ಮಲ್ಲ.

"ನೀವಾ?" ಎನ್ನುತ್ತಾಳೆ ಹೆಂಡತಿ ಒಳಗಿನಿಂದ.

"ನಿನ್ನ ಅಭ್ಯಾಸಕ್ಕೆ ಫೇಲಾದವನು ಯಾರು ಮತ್ತೆ?"

ಓದುಗರೇ, ಗಡಿಯಾರ ಮತ್ತು ಕಾಗೆಗಳ ವಿಷಯದಲ್ಲಿ ನಾವು ಚೂರು ಉಬ್ಬಿಸಿರಬಹುದು. ಈಗ ಹೇಳುವುದರಲ್ಲಿ ಉಬ್ಬಿಸಿದ್ದು ಏನೂ ಇಲ್ಲ. ನಿಮ್ಮವರು ಇದ್ದಕ್ಕಿದ್ದಂತೆ ಮೌನವಾದರೆ, ಪ್ರೀತಿಯ ವಸ್ತುಗಳನ್ನು ಹಂಚಿಬಿಟ್ಟರೆ, "ಇನ್ನು ಬೇಡ" ಎಂದರೆ ನೇರವಾಗಿ ಕೇಳಿ. ಬುದ್ಧಿ ಹೇಳಬೇಡಿ, ಒಬ್ಬರನ್ನೇ ಬಿಡಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ನಿಮಗೇ ಹಾಗನ್ನಿಸುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ನೀವು ನರ್ಸ್, ಮೇಷ್ಟ್ರು, ಸಮಾಜ ಕಾರ್ಯಕರ್ತರಾಗಿದ್ದರೆ, ಕೆಲಸ ಬಿಡದೆ ಮನೆಯಿಂದಲೇ ಈ ವಿದ್ಯೆ ಕಲಿಯುವ ದಾರಿ ಇದೆ, ಸೇರಿಕೊಳ್ಳಿ. ನಿಮ್ಮ ಮನೆಯಲ್ಲಿ ಯಾರಾದರೂ ಸೇರಿದ್ದರೆ ಅವರಿಗೊಂದು ಕೋಣೆ, ಒಂದಿಷ್ಟು ನಿಶ್ಶಬ್ದ ಕೊಡಿ.

ಮಾತಿನಮಲ್ಲನೇ ಬಾಯಿ ಮುಚ್ಚಿ ಕೇಳಿದ ಮೇಲೆ, ನಿಮಗೆ ಆಗದೇ ಇರುತ್ತದೆಯೇ?